ಆರ್ಟ್ ಮ್ಯೂಸಿಯಂ ಸುಸ್ತಾಗದೆ ನೋಡುವುದು ಹೇಗೆ?

ಊರಿಂದ ಬಂದಿದ್ದ ನೆಂಟರನ್ನು ಆಟೋಗೆ ತುಂಬಿಕೊಂಡು, ದಾರಿಯುದ್ದಕ್ಕೂ ಚಿತ್ರಕಲೆ ಬಗ್ಗೆ ಕೊರೆಯುತ್ತಾ ಹೋದೆ. ನೋಡಿದರೆ ಗೇಟು ಹಾಕಿತ್ತು. ಸೋಮವಾರ! ಸೆಕ್ಯುರಿಟಿಯವರು ಏನೂ ಹೇಳಲಿಲ್ಲ, ಬೋರ್ಡ್ ಕಡೆ ಕೈ ತೋರಿಸಿದರು ಅಷ್ಟೆ. ಯಾವ ಗ್ಯಾಲರಿ ಅಂತ ಕೇಳಬೇಡಿ, ತಪ್ಪು ನನ್ನದೇ.

ಹಾಗಾಗಿ ಮೊದಲು ದಿನ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಎರಡು ದೊಡ್ಡ ಕಲಾ ಮ್ಯೂಸಿಯಂಗಳಿವೆ, ಕಸ್ತೂರಬಾ ರಸ್ತೆಯ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿ), ಅರಮನೆ ರಸ್ತೆಯ ಎನ್‌ಜಿಎಂಎ (ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್). ಸೋಮವಾರ ಎರಡಕ್ಕೂ ರಜೆ. ಒಂದೇ ದಿನ ಎರಡನ್ನೂ ಮುಗಿಸುತ್ತೇನೆ ಅಂತ ಹೊರಡಬೇಡಿ. ಮೂರನೇ ಗಂಟೆಗೆ ಕಣ್ಣು ತೆರೆದಿರುತ್ತದೆ, ತಲೆಗೆ ಏನೂ ಹೋಗುವುದಿಲ್ಲ.

ಎರಡರಲ್ಲಿ ಯಾವುದು? ಎನ್‌ಜಿಎಂಎ ಕೇಂದ್ರ ಸರ್ಕಾರದ್ದು, 2009ರಲ್ಲಿ ಶುರುವಾಯಿತು, ದೆಹಲಿ ಮತ್ತು ಮುಂಬೈ ಆದಮೇಲೆ ಮೂರನೆಯದು. ಮಾಣಿಕ್ಯವೇಲು ಮ್ಯಾನ್ಷನ್ ಅನ್ನುವ ಹಳೆಯ ಬಂಗಲೆ, ಸುತ್ತ ದೊಡ್ಡ ಮರಗಳು, ಪಕ್ಕಕ್ಕೆ ಜೋಡಿಸಿದ ಹೊಸ ಕಟ್ಟಡ. ಚಿತ್ರ ಬೇಸರ ಬಂದರೆ ಮರದ ಕೆಳಗೆ ಕೂರಬಹುದು, ಅದೊಂದು ಅನುಕೂಲ. ಮ್ಯಾಪ್ ಖಾಸಗಿಯವರದ್ದು, 2023ರ ಫೆಬ್ರವರಿಯಲ್ಲಿ ಬಾಗಿಲು ತೆರೆಯಿತು. ಹೊರಗಿನಿಂದ ಸ್ಟೀಲ್ ಡಬ್ಬಿಯ ಹಾಗೆ ಕಾಣುವ ಐದು ಮಹಡಿ ಕಟ್ಟಡ. ರೈಲ್ವೆ ಸ್ಟೇಷನ್ ಪಕ್ಕದಲ್ಲಿ ಇರುತ್ತಿದ್ದವಲ್ಲ, ತಗಡಿನ ಮೇಲೆ ‘X’ ಆಕಾರದ ಗೆರೆ ಉಬ್ಬಿಸಿದ ಹಳೆಯ ನೀರಿನ ಟ್ಯಾಂಕ್‌ಗಳು, ಅವನ್ನೇ ನೆನಪಿಸಿಕೊಂಡು ಅದರ ವಿನ್ಯಾಸ ಮಾಡಿದ್ದಾರೆ. ಒಳಗೆ ಚಿತ್ರ, ಶಿಲ್ಪ, ಫೋಟೊ, ಬಟ್ಟೆ, ಸಿನಿಮಾ ಪೋಸ್ಟರ್, ಬೆಂಕಿಪೊಟ್ಟಣದ ಚೀಟಿ, ಎಲ್ಲವೂ ಸಂಗ್ರಹದಲ್ಲಿವೆ. ಮೊದಲ ಸಲ ಹೋಗುವವರಿಗೆ, ಅದರಲ್ಲೂ ‘ನಂಗೆ ಆರ್ಟ್ ಎಲ್ಲಾ ಅರ್ಥ ಆಗಲ್ಲಪ್ಪ’ ಅನ್ನುವವರಿಗೆ, ನಾನು ಮ್ಯಾಪ್ ಹೇಳುತ್ತೇನೆ.

ಜಾಗ ಗೊತ್ತಾಯಿತು, ಇನ್ನು ‘ಈಗ ಏನು ನಡೀತಿದೆ’ ಅಂತ ನೋಡಿ. ಇದನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಮ್ಯೂಸಿಯಂ ಅಂದರೆ ಒಮ್ಮೆ ಇಟ್ಟಿದ್ದು ಹಾಗೇ ಇರುತ್ತದೆ ಅನ್ನುವ ಲೆಕ್ಕ ನಮ್ಮದು. ಆದರೆ ಮ್ಯಾಪ್ ಹತ್ತಿರ 60,000ಕ್ಕೂ ಹೆಚ್ಚು ವಸ್ತುಗಳಿವೆ, ಗೋಡೆ ಮೇಲೆ ಒಂದು ಸಲಕ್ಕೆ ಬರುವುದು ಅದರಲ್ಲಿ ಚಿಟಿಕೆಯಷ್ಟು. ಇನ್ನೊಂದು ಕಾರಣ ಬೆಳಕು. ಜಲವರ್ಣ, ಹಳೆಯ ಫೋಟೊ, ಬಣ್ಣ ಹಾಕಿದ ಬಟ್ಟೆ ಇವೆಲ್ಲ ಬೆಳಕಿಗೆ ಮಸುಕಾಗುತ್ತವೆ, ಒಮ್ಮೆ ಹೋದ ಬಣ್ಣ ವಾಪಸ್ ಬರುವುದಿಲ್ಲ. ಬಿಸಿಲಿಗೆ ಬಿದ್ದ ಕ್ಯಾಲೆಂಡರಿನಲ್ಲಿ ಮೊದಲು ಕೆಂಪು ಹೋಗಿ ದೇವರ ಮುಖ ನೀಲಿ ನೀಲಿ ಆಗುವುದನ್ನು ಮನೆಯಲ್ಲೇ ನೋಡಿರುತ್ತೀರಿ. ಅದಕ್ಕೇ ಕಾಗದದ ಕೃತಿಗಳನ್ನು ಕೆಲವು ತಿಂಗಳು ತೋರಿಸಿ ಮತ್ತೆ ಕತ್ತಲೆ ಕೋಣೆಗೆ ಕಳಿಸುತ್ತಾರೆ. ತೋರಿಸುವಾಗಲೂ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಸಾಕು ಅನ್ನುವುದು ಮ್ಯೂಸಿಯಂ ಕಡೆಯ ರೂಢಿ. ‘ಕರೆಂಟ್ ಉಳಿಸೋಕೆ ಲೈಟ್ ಕಮ್ಮಿ ಮಾಡಿದಾರೆ’ ಅಂತ ನಮ್ಮ ಮಾವ ಗೊಣಗಿದ್ದರು. ಒಳಗೆ ಹೋಗಿ ಎರಡು ನಿಮಿಷ ನಿಂತರೆ ಕಣ್ಣು ಒಗ್ಗಿಕೊಳ್ಳುತ್ತದೆ.

ಹಾಗಾಗಿ ವೆಬ್‌ಸೈಟ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ನಡೆಯುತ್ತಿರುವ ಪ್ರದರ್ಶನಗಳ ಹೆಸರು ನೋಡಿ, ಮುಗಿಯುವ ತಾರೀಖು ಬರೆದಿಟ್ಟುಕೊಳ್ಳಿ, ಕೊನೆಯ ವಾರಕ್ಕೆ ಕಾಯಬೇಡಿ. ಯಾವುದಾದರೂ ಒಂದನ್ನು ಆರಿಸಿ. ನಿಮಗೆ ಗೊತ್ತಿರುವ ವಸ್ತುವಿಗೆ ಹತ್ತಿರದ್ದು ಇದ್ದರೆ ಇನ್ನೂ ಒಳ್ಳೆಯದು. ರಂಗೋಲಿ ಹಾಕುವವರಿಗೆ ಜ್ಯೋತಿ ಭಟ್ಟರ ಫೋಟೊಗಳನ್ನು ನೋಡಲು ಯಾರ ಪಾಠವೂ ಬೇಕಾಗಿಲ್ಲ. ಬರೋಡಾದ ಈ ಕಲಾವಿದ ಹಳ್ಳಿ ಹಳ್ಳಿ ತಿರುಗಿ ಗೋಡೆ ಚಿತ್ತಾರ, ನೆಲದ ರಂಗೋಲಿ ಎಲ್ಲವನ್ನೂ ದಾಖಲಿಸಿದವರು, ಮ್ಯಾಪ್ ತೆರೆದಾಗ ಇದ್ದ ಪ್ರದರ್ಶನಗಳಲ್ಲಿ ಅವರದ್ದೂ ಒಂದು. ಆಗಲೇ ನಮ್ಮ ಕುಂದಾಪುರ ಕಡೆಯ ಶಿಲ್ಪಿ ಎಲ್.ಎನ್. ತಲ್ಲೂರ್ ಅವರ ಕೃತಿಗಳೂ ಇದ್ದವು.

ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದು 2025ರಲ್ಲಿ, ‘ಟಿಕೆಟ್ ಟಿಕಾ ಚಾಪ್’ ನಡೆಯುತ್ತಿದ್ದಾಗ. ಅದು ಬಟ್ಟೆಯ ತಾನಿನ (ಕತ್ತರಿಸದ ಇಡೀ ಬಟ್ಟೆಯ ಸುರುಳಿ) ಮೇಲೆ ಅಂಟಿಸುತ್ತಿದ್ದ ಚೀಟಿಗಳ ಪ್ರದರ್ಶನ. ಬ್ರಿಟಿಷರ ಕಾಲದಲ್ಲಿ ಮ್ಯಾಂಚೆಸ್ಟರ್ ಕಡೆಯಿಂದ ಹಡಗಿನಲ್ಲಿ ಬಟ್ಟೆ ಬರುತ್ತಿತ್ತಲ್ಲ, ಕೊಳ್ಳುವ ಎಲ್ಲರಿಗೂ ಓದು ಬರುತ್ತಿರಲಿಲ್ಲ, ಕಂಪನಿ ಹೆಸರು ಇಂಗ್ಲಿಷಿನಲ್ಲಿ ಬರೆದರೆ ಏನು ಪ್ರಯೋಜನ? ಅದಕ್ಕೆ ಒಂದೊಂದು ಕಂಪನಿಯವರು ಒಂದೊಂದು ಬಣ್ಣದ ಚಿತ್ರ ಅಚ್ಚು ಹಾಕಿಸಿ ಅಂಟಿಸಿದರು. ದೇವರು, ರಾಜ, ಆನೆ, ಹುಲಿ, ಸೀರೆ ಉಟ್ಟ ಹೆಂಗಸು. ಆನೆ ಚೀಟಿ ಬಟ್ಟೆ ಕೊಡಿ ಅಂದರೆ ಆಯಿತು. ಆಮೇಲೆ ನಮ್ಮ ದೇಶದ ಮಿಲ್‌ಗಳೂ ಇದನ್ನೇ ಮಾಡಿದವು.

ಗೋಡೆ ಮೇಲಿದ್ದ ಇಂಗ್ಲಿಷ್ ಬರಹವನ್ನು ನಾನು ಕಷ್ಟಪಟ್ಟು ಅನುವಾದ ಮಾಡಿ ಹೇಳುತ್ತಾ ಇದ್ದೆ. ಅಮ್ಮ ನನ್ನ ಮಾತು ಕೇಳುತ್ತಲೇ ಇರಲಿಲ್ಲ. ಗಾಜಿನ ಹತ್ತಿರ ಮೂಗು ಇಟ್ಟು ನಿಂತಿದ್ದರು. ‘ಇದು ತಾನಿನ ಚೀಟಿ ಕಣೋ’ ಅಂದರು. ಅವರ ಅಪ್ಪನದು ದಾವಣಗೆರೆಯಲ್ಲಿ ಜವಳಿ ಅಂಗಡಿ. ತಾನು ಬಿಚ್ಚಿದ ತಕ್ಷಣ ಮಕ್ಕಳೆಲ್ಲ ಚೀಟಿಗೆ ಕಿತ್ತಾಡುತ್ತಿದ್ದರಂತೆ, ಒದ್ದೆ ಬಟ್ಟೆ ಒತ್ತಿಟ್ಟು ಅಂಟು ನೆನೆಸಿ ಮೂಲೆಯಿಂದ ನಿಧಾನಕ್ಕೆ ಎಬ್ಬಿಸಬೇಕಂತೆ, ಅವಸರ ಮಾಡಿದರೆ ಹುಲಿಯ ಬಾಲ ತಾನಿನ ಮೇಲೇ ಉಳಿಯುತ್ತಿತ್ತಂತೆ. ಪಕ್ಕದಲ್ಲಿ ನೋಡುತ್ತಿದ್ದ ಕಾಲೇಜು ಹುಡುಗಿಯರಿಬ್ಬರು ಲೇಬಲ್ ಓದುವುದು ಬಿಟ್ಟು ಅಮ್ಮನ ಮಾತು ಕೇಳತೊಡಗಿದರು. ‘ಆ ಚೀಟಿಗಳೆಲ್ಲ ಈಗ ಎಲ್ಲಿವೆ ಆಂಟಿ?’ ಅಂತ ಒಬ್ಬಳು ಕೇಳಿದಳು. ‘ಮನೆ ಖಾಲಿ ಮಾಡುವಾಗ ನೀರೊಲೆಗೆ ಹಾಕಿದ್ವಿ.’

ಯಾರನ್ನು ಜೊತೆಗೆ ಕರೆದುಕೊಂಡು ಹೋಗುತ್ತೀರಿ ಅನ್ನುವುದೂ ಮುಖ್ಯ ಅಲ್ವಾ? ಬಟ್ಟೆ ಪ್ರದರ್ಶನಕ್ಕೆ ಸೀರೆ ಗೊತ್ತಿರುವ ಅತ್ತೆ ಇರಲಿ, ಫೋಟೊ ಪ್ರದರ್ಶನಕ್ಕೆ ಸ್ಟುಡಿಯೊ ಇಟ್ಟಿದ್ದ ಚಿಕ್ಕಪ್ಪ ಇರಲಿ.

ಒಳಗೆ ಹೋದಮೇಲೆ ಹೀಗೆ ಮಾಡಿ. ಮೊದಲು ಒಂದು ಸುತ್ತು ಬೇಗ ಬೇಗ ಹಾಕಿ, ಏನನ್ನೂ ಓದಬೇಡಿ. ಕಾಲು ತಾನಾಗಿ ನಿಂತ ಎರಡು ಮೂರು ಕಡೆ ನೆನಪಿಟ್ಟುಕೊಳ್ಳಿ. ಎರಡನೇ ಸುತ್ತಿನಲ್ಲಿ ಅಲ್ಲಿಗೇ ಹೋಗಿ, ಒಂದೊಂದರ ಮುಂದೆ ಹತ್ತು ನಿಮಿಷ ನಿಲ್ಲಿ. ಬೆಂಚು ಇದ್ದರೆ ಕೂರಿ. ದೂರದಿಂದ ನೋಡಿ, ಆಮೇಲೆ ಹತ್ತಿರ. ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಕಾಗದಕ್ಕೆ ಒತ್ತುವ ವಿಧಾನದಲ್ಲಿ, ಮಾಡಿದ ಬಣ್ಣದ ಚಿತ್ರಗಳನ್ನು ಹತ್ತಿರದಿಂದ ನೋಡಿದರೆ ಕೆನ್ನೆ ಗುಲಾಬಿ ಅಂದುಕೊಂಡಿದ್ದು ಬರೀ ಚುಕ್ಕೆಗಳು ಅಂತ ಗೊತ್ತಾಗುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಒಂದೇ ಕಾಗದವನ್ನು ಅಷ್ಟೂ ಸಲ ಒತ್ತಬೇಕು, ಕೂದಲೆಳೆ ಜರುಗಿದರೂ ತುಟಿಯ ಕೆಂಪು ಗಲ್ಲಕ್ಕೆ ಹೋಗುತ್ತದೆ. ಕೆಲವು ಚಿತ್ರಗಳಲ್ಲಿ ಹೋಗಿಯೂ ಇದೆ, ಹುಡುಕಿ. ನಮ್ಮ ಅಜ್ಜಿಯರ ದೇವರ ಮನೆಗೆ ಬಂದ ರವಿವರ್ಮ ಪ್ರೆಸ್‌ನ ಲಕ್ಷ್ಮಿ, ಸರಸ್ವತಿ ಚಿತ್ರಗಳೂ ಇದೇ ವಿಧಾನದವು. 1894ರಲ್ಲಿ ಮುಂಬೈಯಲ್ಲಿ ಶುರುವಾದ ಪ್ರೆಸ್ ಅದು. ಅವಕ್ಕೆ ಮನೆಯವರು ಜರಿ, ಮಣಿ ಹೊಲಿದು ಸೀರೆ ಉಡಿಸುತ್ತಿದ್ದದ್ದೂ ಉಂಟು.

ಲೇಬಲ್ ಆಮೇಲೆ ಓದಿ. ಮೊದಲ ಸಾಲಿನಲ್ಲಿ ಕಲಾವಿದರ ಹೆಸರು, ಹುಟ್ಟಿದ ಮತ್ತು ತೀರಿಕೊಂಡ ವರ್ಷ, ನಂತರ ಕೃತಿಯ ಹೆಸರು, ಕಾಲ, ಯಾವುದರಲ್ಲಿ ಮಾಡಿದ್ದು. ಇಸವಿಗಿಂತ ಮೊದಲು ಇಂಗ್ಲಿಷಿನ ಸಣ್ಣ ‘ಸಿ’ (c.) ಇದ್ದರೆ ‘ಸುಮಾರು’ ಅಂತ ಅರ್ಥ. ಜೆಲಾಟಿನ್ ಸಿಲ್ವರ್ ಪ್ರಿಂಟ್ ಅಂದರೆ ಗಾಬರಿ ಬೇಡ, ಡಾರ್ಕ್‌ರೂಮಿನಲ್ಲಿ ತೊಳೆದ ನಮ್ಮ ಹಳೆಯ ಕಪ್ಪು ಬಿಳುಪು ಫೋಟೊ ಅದೇ. ಇದಾದ ಮೇಲೆ ಬರುವ ಉದ್ದದ ಪ್ಯಾರಾ ಅರ್ಥವಾಗದಿದ್ದರೆ ಬಿಡಿ. ಎಷ್ಟೋ ಸಲ ಬರೆದವರಿಗೂ ಅರ್ಥ ಆಗಿರುತ್ತದಾ ಅಂತ ನನಗೆ ಅನುಮಾನ.

ಇನ್ನು ಕಾರ್ಯಕ್ರಮಗಳು. ಮ್ಯೂಸಿಯಂಗಳು ವಾರಾಂತ್ಯದಲ್ಲಿ ಏನಾದರೂ ಇಟ್ಟಿರುತ್ತವೆ. ಉಪನ್ಯಾಸ, ಸಿನಿಮಾ, ಮಕ್ಕಳಿಗೆ ಕೈಕೆಲಸ, ಪ್ರದರ್ಶನ ರೂಪಿಸಿದವರೇ ಸುತ್ತಾಡಿಸಿ ವಿವರಿಸುವ ನಡಿಗೆ. ಒಂದೇ ಸಲ ಹೋಗುವುದಾದರೆ ನಡಿಗೆ ಇರುವ ದಿನವೇ ಹೋಗಿ, ಗೋಡೆಯ ಬರಹಕ್ಕಿಂತ ಮನುಷ್ಯರ ಮಾತು ಯಾವಾಗಲೂ ಮೇಲು. ಮೊದಲೇ ಹೆಸರು ಬರೆಸಬೇಕಾ, ಟಿಕೆಟ್ ಬೇರೆನಾ ಅಂತ ನೋಡಿಕೊಳ್ಳಿ. ಕೌಂಟರಿನಲ್ಲಿ ‘ಕನ್ನಡದಲ್ಲಿ ಇದೆಯಾ?’ ಅಂತ ಕೇಳಿ. ಇಲ್ಲ ಅಂದರೂ ಕೇಳಿ. ಕೇಳುವವರ ಸಂಖ್ಯೆ ಜಾಸ್ತಿಯಾದರೆ ತಾನೇ ಅವರೂ ಯೋಚನೆ ಮಾಡುವುದು? ಪ್ರಶ್ನೆ ಕೇಳಲು ನಾಚಿಕೊಳ್ಳಬೇಡಿ. ‘ಇದಕ್ಕೆ ಎಷ್ಟು ದಿನ ಹಿಡಿಯಿತು’, ‘ಈ ಹಸಿರು ಯಾವುದರಿಂದ ಮಾಡಿದ್ದು’ ಇಂಥವು ಒಳ್ಳೆಯ ಪ್ರಶ್ನೆಗಳೇ. ಬಂಗಾಳದ ಕಲಾವಿದ ಜಾಮಿನಿ ರಾಯ್ ಚಿತ್ರದ ಕಪ್ಪು ಬಣ್ಣ ದೀಪದ ಮಸಿ, ಅಂಟು ಹುಣಸೆ ಬೀಜದ್ದು ಅಂತ ನನಗೆ ಗೊತ್ತಾಗಿದ್ದು ಹಾಗೇ ಯಾರೋ ಕೇಳಿದ್ದರಿಂದ.

ಮನೆಯಲ್ಲೇ ಸ್ವಲ್ಪ ಓದಿಕೊಂಡು ಹೋಗಬೇಕು ಅನ್ನುವವರಿಗೆ ಮ್ಯಾಪ್ ಅಕಾಡೆಮಿಯ ಕಲಾ ವಿಶ್ವಕೋಶ ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ. ಇಂಗ್ಲಿಷಿನಲ್ಲಿದೆ, ಆದರೂ ಒಂದು ಪುಟ ಸಾಕು.

ಮಕ್ಕಳಿದ್ದರೆ ಒಂದು ಗಂಟೆ, ಅದಕ್ಕಿಂತ ಜಾಸ್ತಿ ಆಸೆ ಪಡಬೇಡಿ. ಆನೆ ಎಣಿಸು, ನಾಯಿ ಹುಡುಕು ಅಂತ ಕೆಲಸ ಕೊಡಿ. ದೊಡ್ಡ ಬ್ಯಾಗು, ನೀರಿನ ಬಾಟಲಿ ಕೆಳಗೇ ಬಿಡಿ, ಫ್ಲ್ಯಾಶ್ ಆಫ್ ಮಾಡಿ, ಫೋಟೊ ತೆಗೆಯಬಹುದಾ ಅಂತ ಅಲ್ಲಿ ನಿಂತಿರುವವರನ್ನೇ ಕೇಳಿ. ಮುಟ್ಟಬೇಡಿ. ಬೆರಳಿನ ಬೆವರು ಕಂಚಿಗೂ ಕಾಗದಕ್ಕೂ ಆಗಿಬರುವುದಿಲ್ಲ. ಮುಟ್ಟಲೆಂದೇ ಮಾಡಿದ ಉಬ್ಬು ಮಾದರಿಗಳು ಇದ್ದರೆ ಧಾರಾಳವಾಗಿ ಮುಟ್ಟಿ, ಕಣ್ಣು ಕಾಣದವರಿಗಾಗಿ ಮಾಡಿದ್ದರೂ ಕಣ್ಣು ಮುಚ್ಚಿಕೊಂಡು ಸವರಿದರೆ ನಮಗೂ ಏನೋ ಸಿಗುತ್ತದೆ.

ಮೆಟ್ರೊದಲ್ಲಿ ಬರುವವರು ಮ್ಯಾಪ್‌ಗೆ ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿದು ನಡೆಯಬಹುದು. ನೋಡಿ ಮುಗಿದ ಮೇಲೆ ಅಮ್ಮನಿಗೆ ಕಾಲು ನೋವು, ನನಗೆ ಹಸಿವು. ರಸ್ತೆಯಾಚೆಗೆ ಕಬ್ಬನ್ ಪಾರ್ಕ್ ಕಾಣುತ್ತಿತ್ತು, ಕಸ್ತೂರಬಾ ರಸ್ತೆ ದಾಟಲು ಧೈರ್ಯ ಬರಲು ಐದು ನಿಮಿಷ ಹಿಡಿಯಿತು. ಡಬ್ಬಿಯಲ್ಲಿ ಚಿತ್ರಾನ್ನ ಇತ್ತು. ತಿನ್ನುತ್ತಾ ಅಮ್ಮ ದಾವಣಗೆರೆಯಲ್ಲಿರುವ ತಮ್ಮನಿಗೆ ಫೋನ್ ಮಾಡಿದರು, ಹಳೆಯ ಅಂಗಡಿಯ ಅಟ್ಟದಲ್ಲಿ ಏನಾದರೂ ಚೀಟಿ ಉಳಿದಿದೆಯಾ ನೋಡು ಅಂತ.