ಐದು ನಿಮಿಷದ ಜಾಮೀನು, ಅಜ್ಜಿಯ ಫೋನ್ ನಂಬರ್

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಮ್ಮ ಹಾಸನದಿಂದ ಫೋನ್ ಮಾಡಿ ಕೇಳಿದ್ದಳು: "ಅಲ್ಲೂ ಜಾಮೀನಿಗೆ ಪಹಣಿ ಹಿಡ್ಕೊಂಡು ಬರೋರು ಬೇಕಾ?" ನಮ್ಮ ತಾತ ಊರಿನವನೊಬ್ಬನಿಗೆ ಶ್ಯೂರಿಟಿ ನಿಂತು, ಅವನು ತಲೆ ತಪ್ಪಿಸಿಕೊಂಡು, ತಾತ ವರ್ಷಗಟ್ಟಲೆ ಕೋರ್ಟು ಅಲೆದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಇಲ್ಲಿ ಪಹಣಿ ಏನೂ ಬೇಡಮ್ಮ, ದುಡ್ಡು ಕಟ್ಟಬೇಕು ಅಂದೆ. "ದುಡ್ಡಿಲ್ದೋರು ಏನ್ಮಾಡ್ತಾರೆ?" ಅಂದಳು. ಒಳಗೇ ಇರ್ತಾರೆ ಅಂದೆ.

ನಾನು ಅಮೆರಿಕದ ಇಲಿನಾಯ್ ರಾಜ್ಯದ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಪಬ್ಲಿಕ್ ಡಿಫೆಂಡರ್. ಲಾಯರಿಗೆ ಫೀಸು ಕೊಡಲಾಗದ ಆರೋಪಿಗಳ ಪರ ಸರ್ಕಾರದ ಸಂಬಳದಲ್ಲಿ ವಾದ ಮಾಡುವುದು ನನ್ನ ಕೆಲಸ. ಅಮೆರಿಕದ ಸುಪ್ರೀಂ ಕೋರ್ಟಿನ 1963ರ ಗಿಡಿಯನ್ ತೀರ್ಪಿನಿಂದ ಹುಟ್ಟಿದ ಹಕ್ಕು ಇದು. ಹಕ್ಕೇನೋ ಇದೆ. ಆದರೆ ಒಬ್ಬೊಬ್ಬರ ಪಾಲಿಗೆ ಎಷ್ಟು ನಿಮಿಷ ಬರುತ್ತದೆ ಅನ್ನುವುದು ಬೇರೆ ಮಾತು.

ಜಾಮೀನು ಎಷ್ಟು ಅಂತ ತೀರ್ಮಾನಿಸುವ ಆಗಿನ ಬಾಂಡ್ ಕೋರ್ಟಿನಲ್ಲಿ ಐದು ನಿಮಿಷ ಬರುತ್ತಿತ್ತು. ಬೆಳಿಗ್ಗೆ ಹೋದ ಕೂಡಲೇ ಹಿಂದಿನ ರಾತ್ರಿ ಹಿಡಿದು ತಂದವರ ಕಾಗದದ ಕಟ್ಟು ಕೈಗೆ ಬರುತ್ತಿತ್ತು. ಗಾಜಿನ ಆಚೆ ಅವರು, ಈಚೆ ನಾನು. ಹೆಸರು, ಕೆಲಸ, ಮಕ್ಕಳೆಷ್ಟು ಅಂತ ಕೇಳಿ ಮುಗಿಸುವಷ್ಟರಲ್ಲಿ ಕೂಗಿಬಿಡುತ್ತಿದ್ದರು. ಜಡ್ಜು "ಐದು ಸಾವಿರ, ಡಿ" ಅನ್ನುತ್ತಿದ್ದರು. ಡಿ ಅಂದರೆ ಅದರ ಹತ್ತು ಪರ್ಸೆಂಟ್, ಅಂದರೆ 500 ಡಾಲರ್ ಕಟ್ಟಿದರೆ ಮನೆಗೆ ಹೋಗಬಹುದು. ಕೇಸು ಗೆದ್ದರೂ ಆ 500ರಲ್ಲಿ ಹತ್ತು ಪರ್ಸೆಂಟ್ ಕೋರ್ಟು ಖರ್ಚಿಗೆ ಅಂತ ಮುರಿದುಕೊಳ್ಳುತ್ತಿದ್ದರು. ಬೇರೆ ಎಷ್ಟೋ ರಾಜ್ಯಗಳಿಗೆ ಹೋಲಿಸಿದರೆ ಇದೇ ವಾಸಿ. ಅಲ್ಲಿ ಬೇಲ್ ಬಾಂಡ್ ಅಂಗಡಿಯವರಿಗೆ, ಅಂದರೆ ಫೀಸು ತಗೊಂಡು ಜಾಮೀನು ನಿಲ್ಲುವವರಿಗೆ, ಕಟ್ಟಿದ ದುಡ್ಡು ವಾಪಸ್ಸೇ ಬರುವುದಿಲ್ಲ. ಇಲಿನಾಯ್ ಆ ದಂಧೆಯನ್ನು 1963ರಲ್ಲೇ ನಿಲ್ಲಿಸಿತ್ತು.

ಒಬ್ಬ ಹೆಂಗಸಿನ ಕೇಸು ಹೇಳುತ್ತೇನೆ. ಗುರುತು ಸಿಗಬಾರದೆಂದು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಗೋಡೌನಿನಲ್ಲಿ ರಾತ್ರಿ ಪಾಳಿ, ಮನೆಯಲ್ಲಿ ಎಂಟು ತಿಂಗಳ ಮಗು. ದೊಡ್ಡ ಅಂಗಡಿಯೊಂದರಲ್ಲಿ ಹಾಲಿನ ಪುಡಿ ಡಬ್ಬ, ಡೈಪರು, ಬಟ್ಟೆ ಸೋಪು ಎಲ್ಲ ತಗೊಂಡು, ನಾವೇ ಸ್ಕ್ಯಾನ್ ಮಾಡುವ ಮೆಷಿನ್ನಿನಲ್ಲಿ ಬಿಲ್ ಮಾಡಿ ಹೊರಟಿದ್ದಾಳೆ. ಅರ್ಧ ಸಾಮಾನು ಬಿಲ್ಲಲ್ಲೇ ಇಲ್ಲ. ಬಿಲ್ಲಾಗದ ಸಾಮಾನಿನ ಮೊತ್ತ 318 ಡಾಲರ್. ನಮ್ಮ ರಾಜ್ಯದಲ್ಲಿ ಅಂಗಡಿ ಕಳ್ಳತನ 300 ದಾಟಿದರೆ ಫೆಲನಿ, ಅಂದರೆ ದೊಡ್ಡ ಅಪರಾಧ, ಎರಡರಿಂದ ಐದು ವರ್ಷ ಜೈಲಾಗಬಹುದು. ಮೆಷಿನ್ ಬೀಪ್ ಅಂತು, ಬಿದ್ದಿದೆ ಅಂದುಕೊಂಡೆ ಅಂತ ಅವಳ ಮಾತು. ನಿಜವೋ ಸುಳ್ಳೋ, ಅಂಗಡಿಯ ವಿಡಿಯೋ ನೋಡಿದರೆ ಗೊತ್ತಾಗುತ್ತಿತ್ತು. ಕೇಳಿದ್ದೆ, ಇನ್ನೂ ಬಂದಿರಲಿಲ್ಲ.

500 ಡಾಲರ್ ಹೊಂದಲಿಲ್ಲ. ನಾಲ್ಕನೇ ದಿನ ಕೆಲಸ ಹೋಯಿತು. ಒಂಬತ್ತನೇ ದಿನ ಸರ್ಕಾರಿ ವಕೀಲರ ಕಡೆಯಿಂದ ಮಾತು ಬಂತು: ತಪ್ಪೊಪ್ಪಿಕೊಂಡರೆ ಫೆಲನಿ ಬಿಟ್ಟು ಮಿಸ್‌ಡಿಮೀನರ್ (ಸಣ್ಣ ಅಪರಾಧ) ಮಾಡುತ್ತೇವೆ, ಒಳಗಿದ್ದ ದಿನಗಳೇ ಶಿಕ್ಷೆ. ವಿಡಿಯೋ ಬರಲಿ, ಎರಡು ವಾರ ತಡೆಯೋಣ ಅಂದೆ. ಅವಳು ಕೇಳಿದ್ದು ಒಂದೇ: "ಒಪ್ಪಿಕೊಂಡ್ರೆ ಇವತ್ತೇ ಮನೆಗೆ ಹೋಗಬಹುದಾ?"

ಹೌದು ಅಂದೆ. ಸಂಜೆ ಹೊತ್ತಿಗೆ ಹೋದಳು, ಹೆಸರಿಗೆ ಕಳ್ಳತನ ಅಂಟಿಸಿಕೊಂಡು. ಆ ವಿಡಿಯೋ ನಾನು ಇವತ್ತಿಗೂ ನೋಡಿಲ್ಲ.

ರಾಜ್ಯದ ಕೋರ್ಟುಗಳಲ್ಲಿ ಅಪರಾಧಿ ಎಂದಾಗುವವರಲ್ಲಿ 94 ಪರ್ಸೆಂಟ್ ಜನ ತಪ್ಪೊಪ್ಪಿಕೊಂಡೇ ಆಗುತ್ತಾರೆ, ಫೆಡರಲ್ ಕೋರ್ಟಿನಲ್ಲಿ 97. ಇದು 2012ರಲ್ಲಿ ಸುಪ್ರೀಂ ಕೋರ್ಟೇ ಬರೆದ ಲೆಕ್ಕ. ಸಿನಿಮಾದಲ್ಲಿ ತೋರಿಸುವ ಜ್ಯೂರಿ ವಿಚಾರಣೆ ನಮಗೆ ಹಬ್ಬ ಇದ್ದ ಹಾಗೆ, ಅಪರೂಪ. ಇಲ್ಲಿರುವ ನಮ್ಮ ಕನ್ನಡದವರಿಗೆ ಇದರಲ್ಲಿ ಇನ್ನೊಂದು ಅಪಾಯವಿದೆ. ಎಚ್-1ಬಿ ಇರಲಿ, ಗ್ರೀನ್ ಕಾರ್ಡೇ ಇರಲಿ, ಸಣ್ಣ ಕಳ್ಳತನ ಒಪ್ಪಿಕೊಂಡರೂ ದೇಶ ಬಿಡಬೇಕಾದ ಪರಿಸ್ಥಿತಿ ಬರಬಹುದು. 2010ರ ಪಡಿಲ್ಲಾ ತೀರ್ಪಿನ ಪ್ರಕಾರ ಅದನ್ನು ಮೊದಲೇ ತಿಳಿಸುವುದು ಲಾಯರ ಹೊಣೆ. ಅವರು ಹೇಳದಿದ್ದರೆ ನೀವೇ ಕೇಳಿ. ದಂಡ ಕಟ್ಟಿ ಸುಮ್ನೆ ಮುಗಿಸಿಬಿಡೋಣ ಅನ್ನಬೇಡಿ.

ಆ ಹೆಂಗಸಿನ ಕೇಸಾದ ಮೇಲೆ ನನಗೊಂದು ಹಟ ಬಂತು. ದುಡ್ಡು ಕಟ್ಟಿಸಿಕೊಳ್ಳುವುದಕ್ಕೆ ಹೇಳುವ ಮುಖ್ಯ ಕಾರಣ, ಇಲ್ಲದಿದ್ದರೆ ಜನ ಕೋರ್ಟಿಗೆ ಬರಲ್ಲ ಅಂತ. ಸರಿ, ಬರದವರು ಯಾಕೆ ಬರಲಿಲ್ಲ? ನನ್ನ ಕಕ್ಷಿದಾರರನ್ನೇ ಒಬ್ಬೊಬ್ಬರಾಗಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಸ್ಸು ತಪ್ಪಿತು. ಮಗು ನೋಡಿಕೊಳ್ಳುವವರು ಕೈಕೊಟ್ಟರು. ಪಾಳಿ ಬದಲಾಯಿತು. ತಾರೀಖು ಬರೆದ ಚೀಟಿ ಕಳೆದುಹೋಯಿತು. ತಡವಾಗಿ ಹೋದರೆ ಹಿಡಿದು ಹಾಕ್ತಾರೆ ಅಂತ ಹೆದರಿ ಹೋಗಲೇ ಇಲ್ಲ. ಊರು ಬಿಟ್ಟು ಓಡಿಹೋದವನು ನನ್ನ ಪಟ್ಟಿಯಲ್ಲಿ ಒಬ್ಬನೇ.

ಆಗಿನಿಂದ ಮೆಸೇಜು ಕಳಿಸಲು ಶುರು ಮಾಡಿದೆ. ಏಳು ದಿನ ಮೊದಲು ಒಂದು, ಹಿಂದಿನ ದಿನ ಒಂದು. ಮೊದಮೊದಲು ತಾರೀಖು, ಕೇಸ್ ನಂಬರ್ ಅಷ್ಟೇ ಹಾಕುತ್ತಿದ್ದೆ, ಪ್ರಯೋಜನ ಕಾಣಲಿಲ್ಲ. ಆಮೇಲೆ ಯಾವ ಬಸ್ಸು, ಯಾವ ಬಾಗಿಲು, ಎಷ್ಟನೇ ಮಹಡಿ, ಮಗುವನ್ನು ಕರಕೊಂಡು ಬರಬಹುದು, ತಡವಾದರೆ ಈ ನಂಬರಿಗೆ ಫೋನ್ ಮಾಡಿ, ಇಷ್ಟನ್ನೂ ಸೇರಿಸಿದೆ. ಉತ್ತರ ಬರತೊಡಗಿತು. ನ್ಯೂಯಾರ್ಕಿನಲ್ಲಿ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದವರ ಅಧ್ಯಯನ 2020ರಲ್ಲಿ ಬಂತು. ಸಮನ್ಸ್ ಕಾಗದವನ್ನು ಅರ್ಥವಾಗುವ ಹಾಗೆ ಬರೆದದ್ದಕ್ಕೇ ಕೋರ್ಟಿಗೆ ಬಾರದವರು 13 ಪರ್ಸೆಂಟ್ ಕಡಿಮೆಯಾಗಿದ್ದರು, ಮೆಸೇಜಿನಿಂದ 21 ಪರ್ಸೆಂಟ್.

ನನ್ನ ದೊಡ್ಡ ತಲೆನೋವು ಫೋನ್ ನಂಬರ್. ಬಡವರ ಪ್ರೀಪೇಯ್ಡ್ ನಂಬರು ಎರಡು ತಿಂಗಳಿಗೊಮ್ಮೆ ಬದಲಾಗುತ್ತದೆ. ಹಾಗಾಗಿ ಗಾಜಿನ ಆಚೆ ಇರುವವರಿಗೆ ನನ್ನ ಮೊದಲ ಪ್ರಶ್ನೆ, "ನಿಮ್ಮ ಅಜ್ಜಿ ನಂಬರ್ ಬಾಯಿಪಾಠ ಇದೆಯಾ?" ಅಜ್ಜಿಯರ ನಂಬರ್ ಬದಲಾಗುವುದಿಲ್ಲ. ಅಜ್ಜಿಗೆ ಒಂದು ಮಾತು ಹೇಳಿಬಿಟ್ಟರೆ ವಾರಂಟಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

2023ರ ಸೆಪ್ಟೆಂಬರ್ 18ಕ್ಕೆ ಇಲಿನಾಯ್ ದುಡ್ಡಿನ ಜಾಮೀನನ್ನು ಪೂರ್ತಿ ತೆಗೆದುಹಾಕಿತು. ದೇಶದಲ್ಲೇ ಮೊದಲು. ಅದಕ್ಕೂ ಎರಡು ತಿಂಗಳ ಮುಂಚೆ ರಾಜ್ಯದ ಸುಪ್ರೀಂ ಕೋರ್ಟು 5–2ರಲ್ಲಿ ಈ ಕಾನೂನನ್ನು ಎತ್ತಿಹಿಡಿದಿತ್ತು. ಈಗ ಒಬ್ಬರನ್ನು ಒಳಗಿಡಬೇಕಾದರೆ ಸರ್ಕಾರಿ ವಕೀಲರು ಅರ್ಜಿ ಹಾಕಬೇಕು, ಇವರಿಂದ ಅಪಾಯವಿದೆ ಅಥವಾ ಓಡಿಹೋಗುತ್ತಾರೆ ಅಂತ ಗಟ್ಟಿ ಸಾಕ್ಷ್ಯ ಕೊಡಬೇಕು. ಆ ಹೆಂಗಸಿನ ಮೇಲಿದ್ದಂಥ ಆರೋಪಕ್ಕೆ ಅಪಾಯದ ಕಾರಣ ಕೊಟ್ಟು ಅರ್ಜಿ ಹಾಕಲು ಅವಕಾಶವಿಲ್ಲ, ಬೇಕೆಂದೇ ಓಡಿಹೋಗುತ್ತಾಳೆ ಅಂತಲೇ ತೋರಿಸಬೇಕು.

ಎಲ್ಲ ಚೆನ್ನಾಗಿದೆ ಅಂತಲ್ಲ. ಮೊದಲಾದರೆ ಹೇಗೋ ಸಾಲಸೋಲ ಮಾಡಿ ಬಿಡಿಸಿಕೊಳ್ಳುತ್ತಿದ್ದ ಕೆಲವರಿಗೆ ಈಗ ಯಾವ ಬೆಲೆಗೂ ಬಿಡುಗಡೆ ಇಲ್ಲ. ಇನ್ನು ಕೆಲವರ ಕಾಲಿಗೆ ಟ್ರ್ಯಾಕಿಂಗ್ ಪಟ್ಟಿ. ಐದು ನಿಮಿಷದ ವಾದ ಅರ್ಧ ಗಂಟೆಯದಾಗಿದೆ, ನಾವು ಲಾಯರುಗಳು ಮಾತ್ರ ಅಷ್ಟೇ ಜನ. ಶನಿವಾರ ಭಾನುವಾರವೂ ಸರದಿ ಬೀಳುತ್ತದೆ. ಆದರೆ ಈಗ ಜಡ್ಜು ಕೇಳುವ ಪ್ರಶ್ನೆಗೂ ಜೇಬಿಗೂ ಸಂಬಂಧವಿಲ್ಲ. ನನಗೆ ಅಷ್ಟು ಸಾಕು, ಬೈದುಕೊಂಡಾದರೂ ಭಾನುವಾರ ಹೋಗುತ್ತೇನೆ.

ಮೆಸೇಜು ಕಳಿಸುವುದನ್ನು ಬಿಟ್ಟಿಲ್ಲ. ಮೊನ್ನೆ ಒಬ್ಬ ಹುಡುಗನಿಗೆ ಕಳಿಸಿದ್ದಕ್ಕೆ ಉತ್ತರ ಬರಲಿಲ್ಲ. ಬೆಳಿಗ್ಗೆ ಏಳಕ್ಕೆ ಅಜ್ಜಿ ನಂಬರಿಗೆ ಹಾಕಿದೆ. ಎರಡೇ ನಿಮಿಷಕ್ಕೆ ಬಂತು: "ಸ್ನಾನಕ್ಕೆ ಹೋಗಿದ್ದಾನೆ. 7:40ರ ಬಸ್ಸಿಗೆ ನಾನೇ ಹತ್ತಿಸುತ್ತೇನೆ. ಬಾಗಿಲು ಯಾವುದು ಅಂದಿರಿ?"