ಮರಿಗಳನ್ನು ಬೇರೆ ಮಾಡದೆ ತಾಯಿಬೆಕ್ಕಿನ ಒರಟುತನ ಇಳಿಸಿದ್ದು: ನನ್ನ ಅನುಭವ

ತಾಯಿಬೆಕ್ಕು ಮರಿಗಳನ್ನು ಒದೆಯುತ್ತಿದೆ, ಕಚ್ಚುತ್ತಿದೆ ಅಂದರೆ ಬರುವ ಸಲಹೆ ಒಂದೇ: ಮರಿಗಳನ್ನು ಎತ್ತಿಡಿ, ಬಾಟಲಿ ಹಾಲು ಶುರು ಮಾಡಿ. ಅದರ ಅಗತ್ಯ ಬಹುಪಾಲು ಬೀಳುವುದಿಲ್ಲ ಅಂದಾಗ ನಕ್ಕವರೇ ಹೆಚ್ಚು. ಒಂದರ ಹಿಂದೊಂದು ಬಾಣಂತಿ ಬೆಕ್ಕುಗಳಲ್ಲಿ ಇದು ಕೆಲಸ ಮಾಡಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಮರಿಯನ್ನು ಮುಂಗಾಲಿನಲ್ಲಿ ಅದುಮಿ ಹಿಂಭಾಗ ನೆಕ್ಕುವುದು ಒರಟುತನವಲ್ಲ. ಮೊದಲ ಮೂರು ವಾರ ತಾಯಿ ನೆಕ್ಕದಿದ್ದರೆ ಮರಿ ಉಚ್ಚೆ ಹೊಯ್ಯುವುದೇ ಕಷ್ಟ. ನಾಲ್ಕೈದು ವಾರದ ನಂತರ ಹಾಲಿಗೆ ಬಂದ ಮರಿಗೆ ಬುಸುಗುಟ್ಟಿ, ಹಿಂಗಾಲಿನಲ್ಲಿ ತಳ್ಳಿದರೆ ಅದು ಹಾಲು ಬಿಡಿಸುವ ಕೆಲಸ. ಪೆಟ್ಟು ತಿಂದ ಮರಿ ಮರುಕ್ಷಣವೇ ತಾಯಿಯ ಬಾಲಕ್ಕೆ ಹಾರಿದರೆ ನೀವು ಕೈ ಹಾಕಬೇಡಿ. ತಲೆ ಕೆಡಿಸಿಕೊಳ್ಳಬೇಕಾದ್ದು ಎರಡನೇ, ಮೂರನೇ ವಾರದಲ್ಲಿ ತಾಯಿ ಮಲಗಲೊಪ್ಪದೆ ಎದ್ದೆದ್ದು ಹೋದಾಗ, ಮರಿಯ ಚೀರಾಟ ನಿಲ್ಲದಾಗ, ಮೈಮೇಲೆ ಗಾಯ ಕಂಡಾಗ.

ಅನುಮಾನವಿದ್ದರೆ ತಕ್ಕಡಿಯನ್ನು ಕೇಳಿ. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು, ದಿನವೂ ಒಂದೇ ಹೊತ್ತಿಗೆ ತೂಗಿ. ಹುಟ್ಟಿದಾಗ ನೂರು ಗ್ರಾಂ ಆಸುಪಾಸು, ದಿನಕ್ಕೆ ಹತ್ತು-ಹದಿನೈದು ಗ್ರಾಂ ಏರಿಕೆ, ಎರಡು ವಾರದೊಳಗೆ ದುಪ್ಪಟ್ಟು. ಏರುತ್ತಿದ್ದರೆ ತಾಯಿ ಎಷ್ಟು ಗುರುಗುಟ್ಟಿದರೂ ಹಾಲು ಸಿಗುತ್ತಿದೆ ಎಂದೇ ಅರ್ಥ. ಒಂದು ದಿನ ನಿಂತರೆ ಕಣ್ಣಿಡಿ. ಇಳಿದರೆ ಅವತ್ತೇ ಮರಿಗಳ ಹಾಲುಪುಡಿ ಕಲಸಿ ಮೇಲುಹಾಲು ಕೊಡಿ, ಆದರೆ ಮರಿ ತಾಯಿಯ ಬಳಿಯೇ ಇರಲಿ.

ಇನ್ನು ಉಗುರು. ಇದನ್ನು ಯಾರೂ ನೋಡುವುದಿಲ್ಲ, ಅರ್ಧ ಜಗಳದ ಮೂಲ ಇಲ್ಲೇ. ಹಾಲು ಕುಡಿಯುವಾಗ ಮರಿ ಎರಡೂ ಪಂಜದಿಂದ ತಾಯಿಯ ಹೊಟ್ಟೆ ಒತ್ತುತ್ತದೆ. ಈ ವಯಸ್ಸಿನಲ್ಲಿ ಉಗುರು ಒಳಗೆಳೆದುಕೊಳ್ಳಲು ಬರುವುದಿಲ್ಲ, ತುದಿ ಸೂಜಿಯಂತಿರುತ್ತದೆ. ಟಾರ್ಚ್ ಹಿಡಿದು ಮೊಲೆತೊಟ್ಟಿನ ಸುತ್ತ ಕೂದಲು ಸರಿಸಿ ನೋಡಿ: ಸಾಲಾಗಿ ಕೆಂಪು ಚುಕ್ಕೆ, ತೆಳು ಗೀರು. ಮೂರನೇ ವಾರಕ್ಕೆ ಹಲ್ಲೂ ಮೂಡುತ್ತವೆ. ನೋವಾದ ತಾಯಿ ಒದೆಯದೆ ಇನ್ನೇನು ಮಾಡೀತು?

ಹೊಟ್ಟೆ ತುಂಬಿ ನಿದ್ದೆಗೆ ಜಾರಿದ ಮರಿಯನ್ನು ಬಟ್ಟೆಯಲ್ಲಿ ಸುತ್ತಿ, ಬೆರಳನ್ನು ಮೆಲ್ಲಗೆ ಒತ್ತಿದರೆ ಉಗುರು ಪೂರ್ತಿ ಕಾಣುತ್ತದೆ. ಮಕ್ಕಳ ನೇಲ್ ಕಟರ್‌ನಿಂದ ಪಾರದರ್ಶಕ ತುದಿಯನ್ನಷ್ಟೇ, ಒಂದು ಮಿಲಿಮೀಟರ್‌ಗಿಂತ ಕಡಿಮೆ, ತೆಗೆಯಿರಿ. ಒಳಗಿನ ಗುಲಾಬಿ ಭಾಗ ತಾಕಬಾರದು. ಮುಂಗಾಲಿಗೆ ಐದೈದು, ಪಕ್ಕದ ಹೆಬ್ಬೆರಳ ಉಗುರು ಮರೆಯಬೇಡಿ, ಹಿಂಗಾಲು ಬಿಟ್ಟುಬಿಡಿ. ನಾಲ್ಕೈದು ದಿನಕ್ಕೆ ಮತ್ತೆ ಬೆಳೆದಿರುತ್ತದೆ. ಮರಿ ಮುಟ್ಟುವ ಮೊದಲು ಕೈಯನ್ನು ತಾಯಿ ಮಲಗಿದ ಬಟ್ಟೆಗೆ ಉಜ್ಜಿಕೊಳ್ಳಿ. ಘಮಘಮ ಸೋಪು ಹಚ್ಚಿದ ಕೈಯಿಂದ ಮರಿ ಮರಳಿಸಿ, "ಬೆಕ್ಕು ಸ್ವಂತ ಮರಿಗೇ ಬುಸುಗುಟ್ಟಿತು" ಅನ್ನಬೇಡಿ.

ಎರಡನೆಯದು ಹಲಗೆ. ಮರಿಗಳಿಂದ ಒಂದಿಷ್ಟು ಹೊತ್ತು ತಪ್ಪಿಸಿಕೊಳ್ಳಲು ಜಾಗವಿಲ್ಲದ ತಾಯಿ ಜಗಳವಾಡುತ್ತದೆ. ತಾಯಿ-ಮರಿಗಳಿರುವ ಪೆಟ್ಟಿಗೆಯ ಪಕ್ಕ ಒಂದೂವರೆ ಅಡಿ ಎತ್ತರಕ್ಕೆ ಹಲಗೆ ಕಟ್ಟಿ, ಅಲ್ಲಿಂದ ಮರಿಗಳು ಕಾಣಲೇಬೇಕು. ಕಾಣದಿದ್ದರೆ ತಾಯಿ ಮರಿಗಳನ್ನೇ ಕಚ್ಚಿಕೊಂಡು ಜಾಗ ಬದಲಿಸುತ್ತದೆ. ಪೆಟ್ಟಿಗೆ ಬಾಗಿಲಿನ ಹೊಸ್ತಿಲು ಅರ್ಧ ಅಡಿ ಇರಲಿ. ಮೊದಲ ಸಲ ತಾಯಿ ತಾನಾಗಿ ಹಲಗೆ ಹತ್ತುವಂತೆ ಮಾಡುವ ಉಪಾಯ ಸದ್ಯ ನನ್ನ ಬಳಿಯೇ ಇರಲಿ, ನಿಮ್ಮ ಬೆಕ್ಕನ್ನು ಎರಡು ದಿನ ಗಮನಿಸಿದರೆ ನಿಮಗೇ ಹೊಳೆಯುತ್ತದೆ.

ಶಾಖದ ವಿಷಯದಲ್ಲೂ ಎಡವುವವರಿದ್ದಾರೆ. ಮೊದಲ ವಾರ ಮರಿಗಳಿಗೆ ಮೂವತ್ತು ಡಿಗ್ರಿ ಬೇಕು, ನಿಜ, ಆದರೆ ಇಡೀ ಪೆಟ್ಟಿಗೆ ಕಾಯಿಸಿದರೆ ತಾಯಿ ಏದುಸಿರು ಬಿಟ್ಟು ಹೊರಗೆ ಹೋಗುತ್ತದೆ, "ತಾಯಿ ಮರಿ ಬಿಟ್ಟಿತು" ಎಂಬ ಗುಲ್ಲಾಗುತ್ತದೆ. ಹೀಟಿಂಗ್ ಪ್ಯಾಡ್ ಅರ್ಧ ತಳಕ್ಕೆ ಮಾತ್ರ, ಅದರ ಮೇಲೆ ದಪ್ಪ ಬಟ್ಟೆ. ಊಟಕ್ಕೆ ಲೆಕ್ಕ ಬೇಡ. ಹಾಲು ಹೆಚ್ಚಿರುವ ಮೂರನೇ, ನಾಲ್ಕನೇ ವಾರ ಮಾಮೂಲಿನ ಎರಡು-ಮೂರು ಪಟ್ಟು ತಿನ್ನುತ್ತದೆ. ಮರಿಗಳ ಆಹಾರವನ್ನೇ ತಾಯಿಗೂ ಇಟ್ಟುಬಿಡಿ.

ದುಡ್ಡು ಎಲ್ಲಿ ಹೋಯಿತು ಅಂದರೆ, ಗೋಡೆಯ ಪ್ಲಗ್ಗಿಗೆ ಹಾಕುವ ಫೆರೊಮೋನ್ ಡಿಫ್ಯೂಸರ್‌ಗೆ, ಅಂದರೆ ಬೆಕ್ಕನ್ನು ಶಾಂತಗೊಳಿಸುತ್ತದೆ ಎನ್ನುವ ವಾಸನೆ ಹರಡುವ ಸಾಧನಕ್ಕೆ. ಹಲಗೆ, ತಕ್ಕಡಿ, ನೇಲ್ ಕಟರ್ ಮೂರೂ ಸೇರಿದರೂ ಅಷ್ಟಾಗಲಿಲ್ಲ. ಮರುಭರ್ತಿಗೆ ಮತ್ತೆ ಖರ್ಚು, ತಾಯಿಯ ನಡತೆಯಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಸೊನ್ನೆ. ಮರಿಗಳನ್ನು ಎರಡು ಪಾಳಿ ಮಾಡಿ ಹಾಲು ಕುಡಿಸುವ ಪ್ರಯೋಗವೂ ನಡೆಯಿತು: ಆಚೆ ಕೋಣೆಯ ಮರಿ ಕೂಗಿದರೆ ಈಚೆ ಮರಿಗಳನ್ನು ಒದ್ದು ತಾಯಿ ಬಾಗಿಲು ಕೆರೆಯಿತು. ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಿದ್ದು ಮಾತ್ರ ಪುಕ್ಕಟೆ ಗೆಲುವು. ಹೊರಗೆ ಕಂಡ ಬೇರೆ ಬೆಕ್ಕಿನ ಮೇಲಿನ ಸಿಟ್ಟು ಹತ್ತಿರ ಸಿಕ್ಕ ಮರಿಯ ಮೇಲೆ ಬೀಳುತ್ತಿತ್ತು.

ಉಗುರು, ಹಲಗೆ ಯಾವುದಕ್ಕೂ ಬಗ್ಗದ ಎರಡು ಸ್ಥಿತಿಗಳಿವೆ. ಒಂದು ಕೆಚ್ಚಲು ಬಾವು: ಮೊಲೆ ಬಿಸಿ, ಗಟ್ಟಿ, ಮುಟ್ಟಿದರೆ ಬೆಕ್ಕು ತಿರುಗಿ ಕಚ್ಚುತ್ತದೆ. ಇನ್ನೊಂದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿತ: ಚಡಪಡಿಕೆ, ಏದುಸಿರು, ಕಾಲು ಸೆಟೆದ ನಡಿಗೆ, ನಡುಕ. ಅದಕ್ಕೆ ಗಂಟೆಗಳ ಲೆಕ್ಕ, ಮನೆಯಲ್ಲಿ ಮಾತ್ರೆ ಕೊಡುತ್ತಾ ಕೂರದೆ ನಡುರಾತ್ರಿಯಾದರೂ ಪಶುವೈದ್ಯರ ಬಳಿ ಓಡಿ. ಆಗ ಮಾತ್ರ, ಅವರು ಹೇಳಿದಷ್ಟು ಕಾಲ, ಮರಿಗಳನ್ನು ಬೇರೆ ಇಟ್ಟು ಬಾಟಲಿ ಹಿಡಿಯಿರಿ. ಕುಡಿಸುವಾಗ ಮರಿ ಹೊಟ್ಟೆಯ ಮೇಲೆ ಮಲಗಿರಲಿ, ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಹಾಲೂಡುತ್ತಿರುವಾಗಲೇ ಬೆಕ್ಕು ಮತ್ತೆ ಬೆದೆಗೆ ಬರಬಹುದು, ಗಂಡು ಬೆಕ್ಕು ಹತ್ತಿರ ಸುಳಿಯದಂತೆ ಬಾಗಿಲು ನೋಡಿಕೊಳ್ಳಿ. ಆರನೇ ವಾರದ ಹೊತ್ತಿಗೆ ಮರಿಗಳು ಹಲಗೆಗೇ ಹತ್ತತೊಡಗುತ್ತವೆ, ಆಗ ಅದನ್ನು ಮೂರಡಿಗೆ ಏರಿಸಿ.