ಖಾಸಗಿ ಐಪಿಗಳಿಗೆ ರಿವರ್ಸ್ ಲುಕಪ್: ನಾನು ಮಾಡಿದ ರೀತಿ

ಒಳಗಿನ ಸರ್ವರಿಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿದಾಗ ಪಾಸ್‌ವರ್ಡ್ ಕೇಳುವ ಮೊದಲೇ ಪರದೆ ಸುಮ್ಮನೆ ನಿಂತುಬಿಟ್ಟರೆ ನಾನು ಮೊದಲು ನೋಡುವುದು ರಿವರ್ಸ್ ಡಿಎನ್‌ಎಸ್, ಅಂದರೆ ಐಪಿ ವಿಳಾಸದಿಂದ ಹೆಸರು ಹುಡುಕುವ ವ್ಯವಸ್ಥೆ. ಬಂದ ಐಪಿಯ ಹೆಸರೇನೆಂದು ಸರ್ವರ್ ಕೇಳಿರಬಹುದು. ಆ ಪ್ರಶ್ನೆ ಹೊರಗೆ ಹೊರಟು ಫೈರ್‌ವಾಲಿನಲ್ಲಿ ಸಿಕ್ಕಿಕೊಂಡಿರಬಹುದು. ಹೆಸರು ಸಿಗದಿದ್ದರೂ ತೊಂದರೆಯಿಲ್ಲ, 'ಅಂಥ ಹೆಸರಿಲ್ಲ' ಎಂಬ ಉತ್ತರ ತಕ್ಷಣ ಬರಬೇಕು, ಅಷ್ಟೇ. ಹಾಗಾಗಿ ಬಳಸದ ಖಾಸಗಿ (ಒಳಜಾಲಕ್ಕೆ ಮಾತ್ರ ಮೀಸಲಾದ) ಐಪಿ ಶ್ರೇಣಿಗಳಿಗೂ ಖಾಲಿ ಝೋನ್, ಅಂದರೆ ಹೆಸರುಗಳಿಲ್ಲದ ಡಿಎನ್‌ಎಸ್ ಪಟ್ಟಿ, ಇರಲೇಬೇಕು ಎನ್ನುತ್ತೇನೆ. ಬೈಂಡ್ 9 ಎಂಬ ಡಿಎನ್‌ಎಸ್ ಸರ್ವರ್ ತಂತ್ರಾಂಶ ಇವನ್ನು ತಾನೇ ಇಟ್ಟುಕೊಂಡಿರುತ್ತದೆ. ನಾವು ಅದೇ ಹೆಸರಿನ ಝೋನ್ ಬರೆದರೆ ತನ್ನದನ್ನು ಬಿಟ್ಟುಕೊಡುತ್ತದೆ.

10ಕ್ಕೆ ಒಂದು ಝೋನ್, 192.168ಕ್ಕೆ ಒಂದು. 172ರಲ್ಲಿ ಮಾತ್ರ 16ರಿಂದ 31ರವರೆಗೆ ಹದಿನಾರು ಬೇರೆ ಬೇರೆ ಝೋನ್ ಬೇಕು. ಸುಲಭವೆಂದು '172.ಇನ್-ಆಡರ್.ಅರ್ಪಾ' ಎಂದು ಒಂದೇ ಬರೆದರೆ 172ರ ಸಾರ್ವಜನಿಕ ವಿಳಾಸಗಳ ರಿವರ್ಸ್ ಕೂಡ ಒಳಗೇ ಮುಚ್ಚಿಹೋಗುತ್ತದೆ.

ರಿವರ್ಸ್ ಝೋನಿನ ಹೆಸರಿನಲ್ಲಿ ಐಪಿಯ ಭಾಗಗಳು ತಿರುವುಮುರುವಾಗಿರುತ್ತವೆ. ಝೋನ್ ಹೆಸರು '168.192.ಇನ್-ಆಡರ್.ಅರ್ಪಾ' ಆಗಿದ್ದರೆ 192.168.10.25ರ ಪಿಟಿಆರ್ (ಐಪಿಗೆ ಹೆಸರು ಕೊಡುವ ದಾಖಲೆ) ಸಾಲು ಹೀಗೆ:

25.10 ಇನ್ ಪಿಟಿಆರ್ ನಾಸ್.ಹೋಮ್.ಅರ್ಪಾ.

ಎಡಗಡೆಯೂ ತಿರುವುಮುರುವು ಎಂಬುದನ್ನು ಮರೆಯಬಾರದು, '10.25' ಎಂದರೆ ಅದು 192.168.25.10ರ ಹೆಸರಾಗುತ್ತದೆ. ಕೊನೆಯ ಚುಕ್ಕಿ ಬಿಟ್ಟರೆ 'ನಾಸ್.ಹೋಮ್.ಅರ್ಪಾ.168.192.ಇನ್-ಆಡರ್.ಅರ್ಪಾ' ಎಂಬ ಉದ್ದ ಬಾಲದ ಉತ್ತರ ಬರುತ್ತದೆ. ಝೋನ್ ಕಡತ ಪರೀಕ್ಷಿಸುವ ನೇಮ್ಡ್-ಚೆಕ್‌ಝೋನ್ ಇದನ್ನು ತಪ್ಪೆನ್ನುವುದಿಲ್ಲ, ವ್ಯಾಕರಣ ಸರಿಯಾಗಿಯೇ ಇರುತ್ತದಲ್ಲ. ಆದ್ದರಿಂದ ಪ್ರತಿ ಸಲ ಐಪಿಯ ಹೆಸರು ಕೇಳುವ 'ಡಿಗ್ -ಎಕ್ಸ್' ಆಜ್ಞೆ ಹಾಕಿ ಉತ್ತರವನ್ನು ಕಣ್ಣಿಂದಲೇ ಓದುತ್ತೇನೆ.

ಎಸ್‌ಒಎಯ (ಝೋನಿನ ಮುಖ್ಯ ದಾಖಲೆ) ಕೊನೆಯ ಅಂಕಿಯನ್ನು, ಅಂದರೆ 'ಇಲ್ಲ' ಎಂಬ ಉತ್ತರವನ್ನು ನೆನಪಿಡುವ ಸೆಕೆಂಡುಗಳನ್ನು, 300 ಇಡುತ್ತೇನೆ. 86400 ಇಟ್ಟರೆ, ದಾಖಲೆ ಸೇರಿಸುವ ಮೊದಲು ಯಾರಾದರೂ ಕೇಳಿದ್ದರೆ, 'ಇಲ್ಲ' ಎಂಬ ಉತ್ತರ ರಿಸಾಲ್ವರಿನಲ್ಲಿ (ನಮ್ಮ ಪರವಾಗಿ ಹೆಸರು ಹುಡುಕುವ ಸರ್ವರ್) ಗಂಟೆಗಟ್ಟಲೆ ಉಳಿದುಬಿಡಬಹುದು. ತಿದ್ದಿದಾಗಲೆಲ್ಲ ಸೀರಿಯಲ್ (ಝೋನಿನ ಆವೃತ್ತಿ ಸಂಖ್ಯೆ) ಏರಿಸಬೇಕು, ಇಲ್ಲವಾದರೆ ಸೆಕೆಂಡರಿ (ನಕಲು ಇಟ್ಟುಕೊಳ್ಳುವ ಸರ್ವರ್) ಹಳೆಯದನ್ನೇ ಹೇಳುತ್ತಿರುತ್ತದೆ.

ನಿಜವಾಗಿ ತಲೆ ತಿಂದದ್ದು ಅನ್‌ಬೌಂಡ್ ಎಂಬ ರಿಸಾಲ್ವರ್. ಮುಂದೆ ಅನ್‌ಬೌಂಡ್, ಹಿಂದೆ ಬೈಂಡ್ ಇದ್ದಾಗ ಸ್ಟಬ್-ಝೋನ್ (ಈ ಝೋನಿನ ಪ್ರಶ್ನೆಯನ್ನು ಬೈಂಡಿಗೆ ಕೇಳು ಎನ್ನುವ ಸಾಲು) ಸರಿಯಾಗಿ ಬರೆದರೂ 'ಹೆಸರಿಲ್ಲ' ಎಂದೇ ಬರುತ್ತದೆ. ಖಾಸಗಿ ರಿವರ್ಸ್ ಝೋನ್‌ಗಳಿಗೆಲ್ಲ ಅನ್‌ಬೌಂಡ್ ತಾನೇ ಉತ್ತರ ಕೊಟ್ಟುಬಿಡುವುದರಿಂದ ಪ್ರಶ್ನೆ ಬೈಂಡ್‌ವರೆಗೆ ಹೋಗುವುದೇ ಇಲ್ಲ. ಸ್ಟಬ್ ಇಡೀ 168.192ಕ್ಕೆ ಇದ್ದರೆ ಅದೇ ಹೆಸರಿಗೆ ಲೋಕಲ್-ಝೋನ್ 'ನೋಡಿಫಾಲ್ಟ್' ಬೇಕು, 10.168.192ರಂಥ ಉಪಝೋನ್ ಮಾತ್ರ ಆಗಿದ್ದರೆ ಆ ಉಪಝೋನಿಗೆ 'ಟ್ರಾನ್ಸ್‌ಪರೆಂಟ್'. ಎರಡೂ ಒಂದೇ ಯಂತ್ರದಲ್ಲಿದ್ದು ಬೈಂಡ್ 127.0.0.1ರಲ್ಲಿ ಕೂತಿದ್ದರೆ 'ಡು-ನಾಟ್-ಕ್ವೆರಿ-ಲೋಕಲ್‌ಹೋಸ್ಟ್: ನೋ' ಕೂಡ ಸೇರಿಸಬೇಕು. ಇದನ್ನು ಬಿಟ್ಟರೆ ಬರುವುದು ಸರ್ವ್‌ಫೇಲ್ (ಉತ್ತರ ಪಡೆಯಲಾಗಲಿಲ್ಲ ಎಂಬ ದೋಷ); ಹಾಗಾಗಿ 'ಹೆಸರಿಲ್ಲ' ಬಂದರೆ ಲೋಕಲ್-ಝೋನ್ ಸಾಲನ್ನೂ, ಸರ್ವ್‌ಫೇಲ್ ಬಂದರೆ ಈ ಸಾಲನ್ನೂ ಮೊದಲು ನೋಡುತ್ತೇನೆ.